ಮಿನಿ ಟ್ರ್ಯಾಕ್ಟರಿಗೆ ಐದಡಿ ಹಿಂಬದಿ ಬ್ಲೇಡು: ಎಷ್ಟು ಮಣ್ಣು ಸರಿಸುತ್ತದೆ, ಎಲ್ಲಿ ಸೋಲುತ್ತದೆ

24ರಿಂದ 28 ಎಚ್‌ಪಿಯ ಮಿನಿ ಟ್ರ್ಯಾಕ್ಟರ್ ಇರುವವರು ಕಲ್ಟಿವೇಟರ್, ರೋಟವೇಟರ್ ಆದಮೇಲೆ ಮೂರನೆಯದಾಗಿ ಏನು ಕೊಳ್ಳಬೇಕು ಎಂದು ಕೇಳಿದರೆ ನಮ್ಮ ಉತ್ತರ ಹಿಂಬದಿ ಬ್ಲೇಡು, ಅಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಮಣ್ಣು ಕೆತ್ತಿ ಎಳೆಯುವ ಉಕ್ಕಿನ ಅಗಲ ಹಲಗೆ. ಕಂಪನಿಯವರ ಪಟ್ಟಿಯಲ್ಲಿ ಟೆರೇಸರ್ ಬ್ಲೇಡ್ ಎಂದಿರುತ್ತದೆ, ಊರಿನ ವರ್ಕ್‌ಶಾಪಿನಲ್ಲಿ ಬರೀ ಬ್ಲೇಡು ಅಂದರೂ ಸಾಕು. ಮನೆ ಅಂಗಳ, ಕಣ, ತೋಟದ ದಾರಿ, ಬಸಿಗಾಲುವೆ, ಮಳೆಗೆ ಕೊಚ್ಚಿಹೋದ ಬದು ಇಂಥ ಕೆಲಸಗಳಿಗೆ ಇದಕ್ಕಿಂತ ಅಗ್ಗದ, ಬಾಳಿಕೆಯ ಸಾಧನ ಇನ್ನೊಂದಿಲ್ಲ. ಆದರೆ ಕೊಳ್ಳುವ ಹೊತ್ತಿಗೆ ಜನ ಎಚ್‌ಪಿ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಬ್ಲೇಡಿನ ತೂಕ ಮತ್ತು ಅಲಗನ್ನು (ನೆಲಕ್ಕೆ ತಾಗುವ ಕೆಳಗಿನ ಪಟ್ಟಿಯನ್ನು) ನೋಡುವುದಿಲ್ಲ. ಕೆಲಸ ಕೈಕೊಡುವುದು ಆ ಎರಡರಲ್ಲೇ.

ಇಲ್ಲಿ ಹೇಳುತ್ತಿರುವುದು 5 ಅಡಿ ಅಗಲ, ಸುಮಾರು 15 ಇಂಚು ಎತ್ತರ, 130ರಿಂದ 160 ಕೆಜಿ ತೂಕ, ಎಡಕ್ಕೂ ಬಲಕ್ಕೂ ಓರೆ ಮಾಡಬಲ್ಲ, ಪೂರ್ತಿ ಹಿಂದುಮುಂದು ತಿರುಗಿಸಬಲ್ಲ ಬ್ಲೇಡಿನ ಬಗ್ಗೆ. ಟ್ರ್ಯಾಕ್ಟರ್ ಎಂದರೆ ಮಹೀಂದ್ರಾ ಜೀವೊ 245, ಕುಬೋಟಾ ನಿಯೋಸ್ಟಾರ್ ಬಿ2441, ವಿಎಸ್‌ಟಿಯ 27 ಎಚ್‌ಪಿ ಗಾಡಿ, ಇವುಗಳ ಗಾತ್ರದವು.

ಮೊದಲು ಮಣ್ಣಿನ ಲೆಕ್ಕ

ಬ್ಲೇಡಿನ ಮುಂದೆ ಒಂದು ಸಲಕ್ಕೆ ನಿಲ್ಲುವ ಮಣ್ಣು ಎಷ್ಟು? 1.5 ಮೀಟರ್ ಅಗಲ, 38 ಸೆಂ.ಮೀ. ಎತ್ತರದ ಮುಖಕ್ಕೆ ಆತು ನಿಂತ ರಾಶಿ ಲೆಕ್ಕಕ್ಕೆ 0.1 ಘನ ಮೀಟರಿಗಿಂತ ತುಸು ಹೆಚ್ಚು ಬರುತ್ತದೆ. ಎರಡು ತುದಿಯಲ್ಲಿ ಸೋರಿಹೋಗುವುದನ್ನು ಕಳೆದರೆ 0.1 ಎಂದು ಹಿಡಿಯಬಹುದು. ಬಿಡಿಮಣ್ಣಿನ ಲೆಕ್ಕದಲ್ಲಿ ಅದು 130 ಕೆಜಿ ಆಸುಪಾಸು. ಜೆಸಿಬಿಯ ಮುಂದಿನ ಬಕೆಟ್ಟಿಗೆ ಒಂದು ಘನ ಮೀಟರಿನಷ್ಟು ಹಿಡಿಯುತ್ತದೆ, ಅಂದರೆ ಹತ್ತು ಸಲ ಎಳೆದರೆ ಅದರ ಒಂದು ಬಕೆಟ್.

ಇದನ್ನು ಗುಂಟೆಗೆ ಹಾಕಿ ನೋಡಿ. ಒಂದು ಗುಂಟೆ 33 ಅಡಿಗೆ 33 ಅಡಿ, ಸುಮಾರು 101 ಚದರ ಮೀಟರ್. ಇಡೀ ಗುಂಟೆಯನ್ನು 10 ಸೆಂ.ಮೀ. ತಗ್ಗಿಸಬೇಕಾದರೆ 10 ಘನ ಮೀಟರ್ ಗಟ್ಟಿಮಣ್ಣು ತೆಗೆಯಬೇಕು. ಅಗೆದ ಮಣ್ಣು ಕಾಲುಭಾಗ ಉಬ್ಬುತ್ತದೆ, ಹನ್ನೆರಡೂವರೆ ಆಯಿತು. 125 ಎಳೆತ, ಸೋರಿಕೆ ಸೇರಿಸಿದರೆ ನೂರೈವತ್ತು. ಒಂದು ಎಳೆತಕ್ಕೆ, ವಾಪಸು ಬರುವುದೂ ಸೇರಿ, ಎರಡು ನಿಮಿಷ ಹಿಡಿದರೂ ಐದು ಗಂಟೆ. ಇಂಥ ಕೆಲಸಕ್ಕೆ ಜೆಸಿಬಿಯನ್ನು ಗಂಟೆ ಲೆಕ್ಕದಲ್ಲಿ ಕರೆಸುವುದೇ ಲಾಭ.

ಅದೇ ಗುಂಟೆ ಒಂದು ಅಂಚಿನಲ್ಲಿ 10 ಸೆಂ.ಮೀ. ಎತ್ತರ, ಎದುರಂಚಿನಲ್ಲಿ 10 ಸೆಂ.ಮೀ. ತಗ್ಗು ಇದೆ, ಮಟ್ಟ ಮಾಡಬೇಕು ಅನ್ನಿ. ಆಗ ಕೆತ್ತಬೇಕಾದ್ದು ಅರ್ಧ ಜಾಗದಲ್ಲಿ ಸರಾಸರಿ 5 ಸೆಂ.ಮೀ., ಅಂದರೆ ಎರಡೂವರೆ ಘನ ಮೀಟರ್ ಮಾತ್ರ. ಮೂವತ್ತು ನಲವತ್ತು ಎಳೆತ, ಆಮೇಲೆ ಸವರುವ ಕೆಲಸ. ಬೆಳಿಗ್ಗೆ ಶುರುಮಾಡಿದರೆ ಮಧ್ಯಾಹ್ನದ ಊಟದೊಳಗೆ ಆಗಿಹೋಗುತ್ತದೆ. ಬ್ಲೇಡಿನ ಜಾಗ ಇಲ್ಲಿದೆ: ಮಣ್ಣು ಸ್ವಲ್ಪ, ದೂರ 15 ಮೀಟರಿನೊಳಗೆ, ಮಟ್ಟ ಮಾತ್ರ ನಾಜೂಕಾಗಿ ಬರಬೇಕು.

ಕೊಳ್ಳುವಾಗ ಮುಟ್ಟಿ ನೋಡಬೇಕಾದ್ದು

ಟ್ರ್ಯಾಕ್ಟರಿನ ಹೈಡ್ರಾಲಿಕ್ ಎತ್ತುತ್ತದೆ, ಒತ್ತುವುದಿಲ್ಲ. ಲಿವರ್ ಕೆಳಗಿಳಿಸಿದಾಗ ಬ್ಲೇಡು ತನ್ನ ಭಾರದಿಂದಲೇ ನೆಲಕ್ಕೆ ಕೂರುತ್ತದೆ. ಹಾಗಾಗಿ 80 ಕೆಜಿಯ ಹಗುರ ಬ್ಲೇಡು ಗಟ್ಟಿನೆಲದ ಮೇಲೆ ಜಾರುತ್ತದೆಯೇ ಹೊರತು ಕಚ್ಚುವುದಿಲ್ಲ. ಐದಡಿಗೆ 130 ಕೆಜಿಗಿಂತ ಕಡಿಮೆಯದು ಬೇಡ. ಈ ಗಾಡಿಗಳ ಎತ್ತುವ ಸಾಮರ್ಥ್ಯ 750 ಕೆಜಿ ಸುತ್ತಮುತ್ತ ಇರುವುದರಿಂದ 160 ಕೆಜಿ ಬ್ಲೇಡು ಹೈಡ್ರಾಲಿಕ್ಕಿಗೆ ಹೊರೆಯಲ್ಲ.

ತೂಕ ಎಲ್ಲಿಂದ ಬರಬೇಕು ಎಂಬುದೂ ಮುಖ್ಯ. ಮುಖದ ಪ್ಲೇಟು 8 ಮಿ.ಮೀ. ಇರಲಿ. 1.5 ಮೀಟರ್ ಉದ್ದ, ಬಾಗಿದ ಅಳತೆಯಲ್ಲಿ 40 ಸೆಂ.ಮೀ. ಅಗಲದ 8 ಮಿ.ಮೀ. ಪ್ಲೇಟು 38 ಕೆಜಿ ತೂಗುತ್ತದೆ, 6 ಮಿ.ಮೀ. ಆದರೆ 28 ಕೆಜಿ. ಆ ಹತ್ತು ಕೆಜಿ ಉಳಿಸಿದ ಬ್ಲೇಡು ಮೊದಲ ಮಳೆಗಾಲದ ಕೆಲಸದಲ್ಲೇ ಮಧ್ಯದಲ್ಲಿ ಬಳುಕುತ್ತದೆ, ಆಮೇಲೆ ಎಷ್ಟು ಸವರಿದರೂ ನೆಲದಲ್ಲಿ ಉಬ್ಬು ಉಳಿಯುತ್ತದೆ. ದಪ್ಪವನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಪ್ಲೇಟಿನ ಅಂಚಿಗೆ ವರ್ನಿಯರ್ ಹಿಡಿದು ನೋಡಿ. ಬಣ್ಣದ ಪದರ ಅರ್ಧ ಮಿ.ಮೀ. ಕೂಡ ಆಗುವುದಿಲ್ಲ. ವರ್ಕ್‌ಶಾಪಿನಲ್ಲಿ ಮಾಡಿಸುವುದಾದರೆ ಕೆಜಿ ದರಕ್ಕೆ ಮಾತಾಡಿ, ವೇ ಬ್ರಿಡ್ಜಿನಲ್ಲೋ ಗುಜರಿ ಅಂಗಡಿಯ ತಕ್ಕಡಿಯಲ್ಲೋ ತೂಗಿಸಿ ಹಣ ಕೊಡಿ. ಇದರಲ್ಲಿ ಮುಲಾಜು ಬೇಕಿಲ್ಲ.

ಮುಂದೆ ಅಲಗು. ನೆಲಕ್ಕೆ ತಾಗಿ ಸವೆಯುವುದು ಅಲಗು, ಆದ್ದರಿಂದ ಅದು ಬೇರೆ ತುಂಡಾಗಿ ಬೋಲ್ಟಿನಲ್ಲಿ ಕೂತಿರಬೇಕು. 4 ಇಂಚು ಅಗಲ, 10ರಿಂದ 12 ಮಿ.ಮೀ. ದಪ್ಪ, ಎರಡೂ ಅಂಚು ಬಳಕೆಗೆ ಬರುವಂಥದ್ದು ಇದ್ದರೆ ಒಂದು ಕಡೆ ಸವೆದಾಗ ಬಿಚ್ಚಿ ತಿರುಗಿಸಿ ಹಾಕಬಹುದು. ಬೋಲ್ಟಿನ ತಲೆ ಅಲಗಿನ ಮುಖಕ್ಕೆ ಸಮವಾಗಿ ಒಳಗೆ ಕೂತಿರಬೇಕು, ಕತ್ತು ಚೌಕವಾಗಿರಬೇಕು. ಉಬ್ಬಿದ ಷಟ್ಕೋನ ತಲೆಯ ಬೋಲ್ಟ್ ಹಾಕಿದ್ದರೆ ಕಲ್ಲುಮಣ್ಣಿನಲ್ಲಿ ತಲೆ ಸವೆದು ಮುಂದೆ ಸ್ಪ್ಯಾನರ್ ಹಿಡಿಯುವುದಿಲ್ಲ.

ಇಲ್ಲೇ ಊರಿನ ವರ್ಕ್‌ಶಾಪುಗಳು ಒಂದು ತಪ್ಪು ಮಾಡುತ್ತವೆ. ಲಾರಿಯ ಹಳೇ ಕಮಾನ್ ಪಟ್ಟಿಯನ್ನು ನೆಟ್ಟಗೆ ಮಾಡಿ ಮುಖದ ಪ್ಲೇಟಿಗೆ ನೇರ ವೆಲ್ಡ್ ಹೊಡೆಯುತ್ತವೆ. ಕಮಾನ್ ಪಟ್ಟಿಯ ಉಕ್ಕು ಒಳ್ಳೆಯದೇ, ಸವೆತಕ್ಕೆ ಚೆನ್ನಾಗಿ ತಡೆಯುತ್ತದೆ. ಆದರೆ ವೆಲ್ಡಿಂಗಿನ ಕಾವಿಗೆ, ಆ ಗೆರೆಯ ಪಕ್ಕದಲ್ಲೇ ಉಕ್ಕು ಗಾಜಿನಂತೆ ಪೆಡಸಾಗುತ್ತದೆ. ಕಲ್ಲಿಗೆ ಒಂದು ಬಲವಾದ ಏಟು ಬಿದ್ದರೆ ವೆಲ್ಡ್ ಉಳಿದು ಪಟ್ಟಿ ಸೀಳುತ್ತದೆ. ಪಟ್ಟಿಗೆ ತೂತು ಕೊರೆಯುವುದು ಕಷ್ಟ ಎಂಬ ಕಾರಣಕ್ಕೇ ವೆಲ್ಡ್ ಮಾಡುವುದು. ಅದಕ್ಕಿಂತ ರಸ್ತೆ ಗ್ರೇಡರಿನ ಹಳೇ ಅಲಗಿನ ತುಂಡು ಗುಜರಿಯಲ್ಲಿ ಸಿಕ್ಕರೆ ಅದನ್ನು ತನ್ನಿ, ಅದರಲ್ಲಿ ತೂತು ಮೊದಲೇ ಇರುತ್ತದೆ.

ಅಗಲದ ಆಯ್ಕೆಗೆ ಒಂದು ಸರಳ ನಿಯಮವಿದೆ. ಬ್ಲೇಡನ್ನು 30 ಡಿಗ್ರಿ ಓರೆ ಮಾಡಿದಾಗಲೂ ಅದು ಹಿಂದಿನ ಎರಡೂ ಟೈರಿನ ಜಾಡನ್ನು ಮುಚ್ಚಬೇಕು. 5 ಅಡಿ ಬ್ಲೇಡು 30 ಡಿಗ್ರಿ ಓರೆಯಲ್ಲಿ 132 ಸೆಂ.ಮೀ. ಮುಚ್ಚುತ್ತದೆ, 45 ಡಿಗ್ರಿಯಲ್ಲಿ 108 ಸೆಂ.ಮೀ. ಮಿನಿ ಟ್ರ್ಯಾಕ್ಟರಿನ ಹೊರ ಅಗಲ ಒಂದು ಮೀಟರ್ ಚಿಲ್ಲರೆ ಇರುವುದರಿಂದ ಐದಡಿ ಹೇಳಿ ಮಾಡಿಸಿದ ಅಳತೆ. ಆರಡಿ ಹಾಕಿದರೆ ಸಡಿಲ ಮಣ್ಣಿನಲ್ಲಿ ಎಳೆಯುತ್ತದೆ, ಗಟ್ಟಿಮಣ್ಣಿನಲ್ಲಿ ಅದೇ ತೂಕ ಹೆಚ್ಚು ಅಗಲಕ್ಕೆ ಹಂಚಿಹೋಗಿ ಕಚ್ಚುವ ಶಕ್ತಿ ಕಡಿಮೆಯಾಗುತ್ತದೆ, ತೋಟದೊಳಗಂತೂ ತಿರುಗುವುದೇ ಇಲ್ಲ.

ಕೊನೆಗೆ ಪಿನ್. ಟ್ರ್ಯಾಕ್ಟರಿನ ಹಿಂದಿನ ಮೂರು ಕೊಂಡಿಗಳಿಗೆ, ಅಂದರೆ ಕೆಳಗಿನ ಎರಡು ಲಿಂಕ್ ಮತ್ತು ಮೇಲೆ ನಡುವಿನ ಟಾಪ್ ಲಿಂಕಿಗೆ, ಬ್ಲೇಡನ್ನು ಸೇರಿಸುವುದು ಈ ಪಿನ್ನುಗಳು. ಸಣ್ಣ ಟ್ರ್ಯಾಕ್ಟರಿನ ಅಳತೆಯಾದ ಕ್ಯಾಟಗರಿ 1ರ ಕೆಳಗಿನ ಪಿನ್ 22 ಮಿ.ಮೀ., ಟಾಪ್ ಲಿಂಕ್ ಪಿನ್ 19 ಮಿ.ಮೀ., ಕೆಳಗಿನ ಎರಡು ಕೊಂಡಿಗಳ ನಡುವೆ 683 ಮಿ.ಮೀ. ಕಿರಿದಾದ ತೋಟದ ಗಾಡಿಗಳಲ್ಲಿ ಕೆಲವಕ್ಕೆ 1ಎನ್ ಅಳತೆ ಇರುತ್ತದೆ, ಅಲ್ಲಿ ಈ ಅಂತರ 400 ಮಿ.ಮೀ. ದೊಡ್ಡ ಟ್ರ್ಯಾಕ್ಟರಿಗೆಂದು ಮಾಡಿದ ಕ್ಯಾಟಗರಿ 2ರ ಪಿನ್ 28 ಮಿ.ಮೀ., ಅದು ನಿಮ್ಮ ಲಿಂಕಿನೊಳಗೆ ಹೋಗುವುದೇ ಇಲ್ಲ. ಟೇಪು ಹಿಡಿದು ಅಳೆದುಕೊಂಡೇ ಅಂಗಡಿಗೆ ಹೋಗಿ.

ಸಹಾಯಧನದ ಆಸೆ ಇದ್ದರೆ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಅರ್ಜಿ ಹಾಕಿ, ಆಮೇಲೆ ಕೊಳ್ಳಿ. ಇಲಾಖೆಯ ಪಟ್ಟಿಯಲ್ಲಿರುವ ಕಂಪನಿಯ ಮಾಲಿಗೆ ಮಾತ್ರ ಅದು ಸಿಗುತ್ತದೆ, ವರ್ಕ್‌ಶಾಪಿನಲ್ಲಿ ಮಾಡಿಸಿದ್ದಕ್ಕೆ ಇಲ್ಲ.

ಜೋಡಿಸಿ, ಕಚ್ಚಿಸುವುದು

ಸಮನಾದ ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ ಜೋಡಿಸಿ. ಎರಡು ಕೆಳಗಿನ ಲಿಂಕ್ ಹಾಕಿ, ಕೊನೆಗೆ ಟಾಪ್ ಲಿಂಕ್. ಚೆಕ್ ಚೈನುಗಳನ್ನು ಬಿಗಿ ಮಾಡಿ, ಬ್ಲೇಡು ಪಕ್ಕಕ್ಕೆ ಒಂದು ಇಂಚಿಗಿಂತ ಹೆಚ್ಚು ಅಲುಗಬಾರದು. ಓರೆ ಮಾಡಿದಾಗ ಮಣ್ಣು ಬ್ಲೇಡನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ, ಚೈನು ಸಡಿಲವಿದ್ದರೆ ಕೆಳಗಿನ ಲಿಂಕ್ ಹೋಗಿ ಟೈರಿಗೆ ಉಜ್ಜುತ್ತದೆ. ಕೆಳಗಿನ ಲಿಂಕನ್ನು ಎತ್ತಿಹಿಡಿಯುವ ಬಲಗಡೆಯ ಲಿಫ್ಟ್ ರಾಡಿನ ಹಿಡಿಕೆ ತಿರುಗಿಸಿ ಬ್ಲೇಡಿನ ಎರಡೂ ತುದಿ ಒಟ್ಟಿಗೆ ನೆಲ ಮುಟ್ಟುವಂತೆ ಮಾಡಿ. ಪಿಟಿಒ ಶಾಫ್ಟ್ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಸಲಕರಣೆಗೆ ಕೊಡುವ ತಿರುಗುವ ದಂಡ) ಏನಾದರೂ ಹಿಂದಿನ ಕೆಲಸದಿಂದ ಉಳಿದಿದ್ದರೆ ಬಿಚ್ಚಿಡಿ.

ಟಾಪ್ ಲಿಂಕಿನ ಆಟ ಗೊತ್ತಾದವರಿಗೆ ಬ್ಲೇಡಿನ ಮುಕ್ಕಾಲು ವಿದ್ಯೆ ಗೊತ್ತಾದಂತೆ. ಟಾಪ್ ಲಿಂಕ್ ಉದ್ದ ಮಾಡಿದರೆ ಬ್ಲೇಡಿನ ತಲೆ ಹಿಂದಕ್ಕೆ ವಾಲಿ ಅಲಗು ಮುಂದಕ್ಕೆ ಚಾಚುತ್ತದೆ, ಮಣ್ಣು ಕಚ್ಚುತ್ತದೆ. ಗಿಡ್ಡ ಮಾಡಿದರೆ ತಲೆ ಮುಂದಕ್ಕೆ ಬಾಗಿ ಅಲಗು ಹಿಂದಕ್ಕೆ ಸರಿಯುತ್ತದೆ, ಬ್ಲೇಡು ಸವರಿಕೊಂಡು ಹೋಗುತ್ತದೆ. ಮೊದಲ ಕೆತ್ತನೆಗೆ ಉದ್ದ, ಕೊನೆಯ ಮಟ್ಟಕ್ಕೆ ಗಿಡ್ಡ. ಒಂದೊಂದು ಸಲಕ್ಕೆ ಎರಡು ಮೂರು ಸುತ್ತು ಮಾತ್ರ ತಿರುಗಿಸಿ ಹತ್ತು ಮೀಟರ್ ಎಳೆದು ನೋಡಿ. ಒಮ್ಮೆಲೇ ಹೆಚ್ಚು ಉದ್ದ ಮಾಡಿದರೆ ಅಲಗಿನ ಬೆನ್ನೇ ನೆಲಕ್ಕೆ ಕೂತು ಮತ್ತೆ ಜಾರಲು ಶುರುವಾಗುತ್ತದೆ.

ಗಟ್ಟಿನೆಲವನ್ನು ಬ್ಲೇಡಿನಿಂದಲೇ ಕೆತ್ತಲು ಹೋಗುವುದು ಡೀಸೆಲ್ ದಂಡ. ಮೊದಲು ಐದು ಹಲ್ಲಿನ ಕಲ್ಟಿವೇಟರ್ ಹಾಕಿ ಉದ್ದಕ್ಕೂ ಅಡ್ಡಕ್ಕೂ ಒಂದೊಂದು ಸಲ ಎಳೆಯಿರಿ, 4 ಇಂಚು ಆಳ ಸಾಕು. ರೋಟವೇಟರ್ ಬೇಡ. ಅದು ಮಣ್ಣನ್ನು ಹುಡಿ ಮಾಡುತ್ತದೆ, ಹುಡಿಯಲ್ಲಿ ಹಿಂದಿನ ಟೈರು ಹೂತು ಹಿಡಿತ ಹೋಗುತ್ತದೆ.

ಹಿಡಿತವೇ ಇಲ್ಲಿ ಮಿತಿ. 700 ಕೆಜಿಯ ಗಾಡಿ ಗಟ್ಟಿನೆಲದ ಮೇಲೆ ತನ್ನ ತೂಕದ ಅರ್ಧದಷ್ಟು ಬಲದಿಂದ ಎಳೆಯುತ್ತದೆ, ಸಡಿಲ ನೆಲದಲ್ಲಿ ಇನ್ನೂ ಕಡಿಮೆ. ಎಂಜಿನ್ ಕುಗ್ಗುವ ಮೊದಲೇ ಚಕ್ರ ಸುತ್ತಲು ಶುರುಮಾಡುತ್ತದೆ. ಆದ್ದರಿಂದ ಫೋರ್ ವೀಲ್ ಡ್ರೈವ್ ಇರುವ ಗಾಡಿಗೆ ಈ ಕೆಲಸದಲ್ಲಿ ಎದ್ದು ಕಾಣುವ ಲಾಭವಿದೆ. ಟೂ ವೀಲ್ ಗಾಡಿಯಾದರೆ ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸಿ. ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಡಿಫರೆನ್ಶಿಯಲ್ ಲಾಕ್ ಒತ್ತುವುದು ನೇರ ಹೋಗುವಾಗ ಮಾತ್ರ, ತಿರುವಿನಲ್ಲಿ ಕಾಲು ತೆಗೆಯಿರಿ.

ಬ್ಲೇಡಿಗೆ ಭಾರ ಸಾಲದಾದಾಗ ಅದರ ಮೇಲೆ ಒಬ್ಬರನ್ನು, ಎಷ್ಟೋ ಕಡೆ ಮಕ್ಕಳನ್ನು, ಕೂರಿಸುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಅಲಗು ಬೇರಿಗೋ ಬಂಡೆಗೋ ತಗುಲಿದ ಕ್ಷಣ ಗಾಡಿ ಜರ್ಕ್ ಹೊಡೆಯುತ್ತದೆ, ಕೂತವರು ಬೀಳುವುದು ಬ್ಲೇಡಿಗೂ ಟೈರಿಗೂ ನಡುವೆ. ಭಾರ ಬೇಕಿದ್ದರೆ ಚೌಕಟ್ಟಿನ ಮೇಲೆ ಎರಡು ಕೋನಪಟ್ಟಿ ವೆಲ್ಡ್ ಮಾಡಿಸಿ ಮರಳು ಚೀಲಗಳನ್ನು ಹಗ್ಗದಲ್ಲಿ ಬಿಗಿಯಿರಿ. 40 ಕೆಜಿ ಸೇರಿದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಮೇಲ್ಮಣ್ಣನ್ನು ಮೊದಲು ಉಳಿಸಿಕೊಳ್ಳಿ. ಬೆಳೆ ಇಡುವ ಜಾಗವಾದರೆ ಮೇಲಿನ 4ರಿಂದ 6 ಇಂಚನ್ನು ಒಂದು ಬದಿಗೆ ಗುಡ್ಡೆ ಹಾಕಿ, ಅಡಿಮಣ್ಣಿನಲ್ಲಿ ಮಟ್ಟ ಮಾಡಿ, ಕೊನೆಗೆ ಅದನ್ನೇ ಮೇಲೆ ಹರಡಿ. ಕೆಲಸ ಇಮ್ಮಡಿ ಆಗುವುದು ನಿಜ. ಆದರೆ ಕೆಂಪುಮಣ್ಣಿನ ಹೊಲದಲ್ಲಿ ಒಮ್ಮೆ ಅಡಿಮಣ್ಣು ಮೇಲೆ ಬಂದರೆ ಎಷ್ಟು ಗೊಬ್ಬರ ಹಾಕಿದರೂ ಆ ತೇಪೆಯಲ್ಲಿ ಬೆಳೆ ವರ್ಷಗಟ್ಟಲೆ ಕುಳ್ಳಗೇ ಬರುತ್ತದೆ.

ಎಳೆಯುವಾಗ ಒಂದೇ ಜಾಡಿನಲ್ಲಿ ಎಳೆಯಿರಿ. ಮೊದಲ ಎರಡು ಮೂರು ಸಲ ತುದಿಯಲ್ಲಿ ಸೋರಿದ ಮಣ್ಣು ಎರಡು ಪಕ್ಕ ದಿಂಡು ಕಟ್ಟುತ್ತದೆ. ಆಮೇಲೆ ಆ ದಿಂಡುಗಳೇ ಗೋಡೆಯಾಗಿ ಮಣ್ಣನ್ನು ಹಿಡಿದಿಡುತ್ತವೆ, ಪ್ರತಿ ಸಲ ಹೆಚ್ಚು ಮಣ್ಣು ಸಾಗುತ್ತದೆ. ಕೊನೆಗೆ ದಿಂಡನ್ನು ಅಡ್ಡಲಾಗಿ ಒಡೆದರಾಯಿತು. ಸಣ್ಣ ಗೇರು, ನಡೆಯುವಷ್ಟು ವೇಗ, 1500ರಿಂದ 1800 ಆರ್‌ಪಿಎಂ. ಒಂದು ಸಲಕ್ಕೆ ಒಂದರಿಂದ ಎರಡು ಇಂಚು ಕೆತ್ತಿದರೆ ಸಾಕು. ತುಂಬುವ ಕಡೆ 4ರಿಂದ 6 ಇಂಚಿನ ಪದರ ಹಾಕಿ ಟೈರಿನಿಂದ ತುಳಿಸಿ ಮುಂದಿನ ಪದರಕ್ಕೆ ಹೋಗಿ. ಹಾಗೆ ತುಳಿಸಿದ ಮೇಲೂ ಮಳೆಗೆ ಸ್ವಲ್ಪ ಕೂರುತ್ತದೆ, ಹಾಗಾಗಿ ತುಂಬಿದ ಕಡೆಯನ್ನು ಬೇಕಾದ ಮಟ್ಟಕ್ಕಿಂತ ಹತ್ತರಲ್ಲೊಂದು ಪಾಲು ಎತ್ತರವೇ ಬಿಡಿ.

ಹದ ತಪ್ಪಿದರೆ ಇದ್ಯಾವುದೂ ನಡೆಯುವುದಿಲ್ಲ. ಮುಷ್ಟಿಯಲ್ಲಿ ಮಣ್ಣು ಹಿಡಿದು ಉಂಡೆ ಕಟ್ಟಿ, ಎದೆಮಟ್ಟದಿಂದ ಬಿಡಿ. ಮೂರು ನಾಲ್ಕು ಚೂರಾಗಿ ಒಡೆದರೆ ಹದವಾಗಿದೆ. ಚಪ್ಪಟೆಯಾಗಿ ಅಂಟಿಕೊಂಡರೆ ಇನ್ನೆರಡು ದಿನ ಕಾಯಿರಿ, ಉಂಡೆಯೇ ಕಟ್ಟದಿದ್ದರೆ ಒಂದು ಮಳೆ ಬರಲಿ. ಕೆಂಪುಮಣ್ಣು ಮಳೆಯಾಗಿ ಎರಡು ಮೂರು ದಿನಕ್ಕೆ ಹದಕ್ಕೆ ಬರುತ್ತದೆ. ಎರೆಮಣ್ಣಿಗೆ ಆ ಅವಕಾಶ ಬಹಳ ಕಿರಿದು. ಹಸಿಯಿದ್ದಾಗ ಬ್ಲೇಡಿನ ಮುಖಕ್ಕೆ ಅಂಟಿ ಗೋಡೆ ಕಟ್ಟುತ್ತದೆ, ಒಣಗಿದರೆ ಹೆಂಟೆಯಾಗಿ ಉರುಳುತ್ತದೆ.

ನೆಲ ಅಲೆಅಲೆಯಾಗುವುದು ಏಕೆ

ಹೊಸಬರೆಲ್ಲರ ದೂರು ಇದೊಂದೇ: ಸವರಿದಷ್ಟೂ ಅಲೆ ಹೆಚ್ಚುತ್ತದೆ. ತಪ್ಪು ಬ್ಲೇಡಿನದ್ದಲ್ಲ, ಗಾಡಿಯ ಗಿಡ್ಡತನದ್ದು. ಮಿನಿ ಟ್ರ್ಯಾಕ್ಟರಿನ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಸುಮಾರು ಒಂದೂವರೆ ಮೀಟರ್. ಅಲಗು ಹಿಂದಿನ ಆಕ್ಸಲಿನಿಂದ ಒಂದು ಮೀಟರಿಗಿಂತ ತುಸು ಹಿಂದೆ. ಮುಂದಿನ ಚಕ್ರಗಳೆರಡೂ 10 ಸೆಂ.ಮೀ. ಉಬ್ಬು ಹತ್ತಿದರೆ ಅಲಗು 7 ಸೆಂ.ಮೀ. ಕೆಳಗಿಳಿದು ಮಣ್ಣು ಬಗೆಯುತ್ತದೆ. ಮರುಕ್ಷಣ ಹಿಂದಿನ ಚಕ್ರ ಅದೇ ಉಬ್ಬು ಹತ್ತಿದಾಗ ಅಲಗು 17 ಸೆಂ.ಮೀ. ಮೇಲೆದ್ದು ಹೊತ್ತ ಮಣ್ಣನ್ನೆಲ್ಲ ಅಲ್ಲೇ ಬಿಡುತ್ತದೆ. ಒಂದು ಉಬ್ಬಿನ ಹಿಂದೆ ಇನ್ನೊಂದು ಉಬ್ಬು ಹುಟ್ಟಿತು. ಮುಂದಿನ ಸಲ ಅದು ಇನ್ನೊಂದನ್ನು ಹುಟ್ಟಿಸುತ್ತದೆ.

ಬಿಡಿಸಿಕೊಳ್ಳುವ ದಾರಿ ಹೀಗಿದೆ. ಬ್ಲೇಡನ್ನು 20ರಿಂದ 30 ಡಿಗ್ರಿ ಓರೆ ಮಾಡಿ. ಆಗ ಅಲಗಿನ ಎರಡು ತುದಿ ಉಬ್ಬನ್ನು ಬೇರೆ ಬೇರೆ ಹೊತ್ತಿಗೆ ಮುಟ್ಟುತ್ತವೆ, ಏರಿಳಿತ ಹಂಚಿಹೋಗುತ್ತದೆ. ಹಿಂದಿನ ಸಲ ಹೋದ ದಿಕ್ಕಿಗೆ ಮೂಲೆಯಿಂದ ಮೂಲೆಗೆ ಅಡ್ಡ ಎಳೆಯಿರಿ. ಪೊಸಿಷನ್ ಕಂಟ್ರೋಲ್, ಡ್ರಾಫ್ಟ್ ಕಂಟ್ರೋಲ್ ಎರಡೂ ಇರುವ ಗಾಡಿಯಲ್ಲಿ ಮಟ್ಟದ ಕೆಲಸಕ್ಕೆ ಪೊಸಿಷನ್ ಒಂದನ್ನೇ ಬಳಸಿ, ಅದು ಬ್ಲೇಡನ್ನು ಲಿವರ್ ಇಟ್ಟ ಎತ್ತರದಲ್ಲೇ ಹಿಡಿಯುತ್ತದೆ. ಡ್ರಾಫ್ಟಿನಲ್ಲಿ ಎಳೆತ ಹೆಚ್ಚಾದೊಡನೆ ಹೈಡ್ರಾಲಿಕ್ ತಾನಾಗಿ ಬ್ಲೇಡು ಎತ್ತುತ್ತದೆ, ಮಣ್ಣು ಬೇಡದ ಕಡೆ ಬೀಳುತ್ತದೆ. ಮುಂದಿನ ಚಕ್ರ ಉಬ್ಬು ಹತ್ತುವುದು ಕಂಡ ಕೂಡಲೇ ಲಿವರನ್ನು ಕೂದಲೆಳೆಯಷ್ಟು ಎತ್ತುವ ಅಭ್ಯಾಸ ಕೈಗೆ ಬರಬೇಕು, ಹಿಂದೆ ತಿರುಗಿ ಬ್ಲೇಡು ನೋಡುತ್ತ ಕೂತರೆ ಹೊತ್ತು ಮೀರಿರುತ್ತದೆ. ಎಲ್ಲ ಮುಗಿದ ಮೇಲೆ ಲಿವರ್ ಪೂರ್ತಿ ಇಳಿಸಿ, ಬ್ಲೇಡನ್ನು ನೆಲದ ಮೇಲೆ ತೇಲಲು ಬಿಟ್ಟು, ಟಾಪ್ ಲಿಂಕ್ ಗಿಡ್ಡ ಮಾಡಿ ಎರಡು ಸಲ ನಿಧಾನಕ್ಕೆ ಎಳೆದರೆ ಮೇಲ್ಮೈ ನುಣುಪಾಗುತ್ತದೆ.

ಬ್ಲೇಡಿನ ಹಿಂದೆ ಗೇಜ್ ಚಕ್ರ (ನೆಲದ ಮೇಲೆ ಉರುಳುತ್ತ ಬ್ಲೇಡಿನ ಎತ್ತರ ಹಿಡಿಯುವ ಪುಟ್ಟ ಚಕ್ರ) ಒಂದು ಜೊತೆ ಹಾಕಿಸಿದರೆ ಈ ತೊಂದರೆ ಅರ್ಧಕ್ಕರ್ಧ ಇಳಿಯುತ್ತದೆ. ಅಂಗಳ, ಕಣದ ಕೆಲಸ ಹೆಚ್ಚಿರುವವರಿಗೆ ಇದು ಹಣಕ್ಕೆ ಮೋಸವಿಲ್ಲದ ಸೇರ್ಪಡೆ.

ಮಟ್ಟ ನೋಡಲು ಕಣ್ಣನ್ನು ನಂಬಬೇಡಿ. ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಪೈಪು) ಹಿಡಿದು ನಾಲ್ಕು ಮೂಲೆ, ಮಧ್ಯ ಐದು ಗೂಟಕ್ಕೆ ಗುರುತು ಹಾಕಿ ಶುರುಮಾಡಿ. ಗದ್ದೆಯಾದರೆ ನೀರು ನಿಲ್ಲಿಸಿದ ಮರುದಿನ ತಲೆ ಎತ್ತಿದ ದಿಬ್ಬಗಳಿಗೆ ಕೋಲು ಚುಚ್ಚಿಡಿ, ನೀರು ಬಸಿದು ಹದ ಬಂದಾಗ ಆ ಕೋಲುಗಳೇ ಎಲ್ಲಿ ಕೆತ್ತಬೇಕೆಂದು ಹೇಳುತ್ತವೆ.

ದಾರಿ ಮತ್ತು ಬಸಿಗಾಲುವೆ

ತೋಟದ ದಾರಿ ಕೆಡುವುದು ಗಾಡಿ ಓಡಾಡಿದ್ದಕ್ಕಿಂತ ನೀರು ನಿಂತದ್ದಕ್ಕೆ. 10 ಅಡಿ ಅಗಲದ ದಾರಿಗೆ ಮಧ್ಯ ಒಂದೂವರೆಯಿಂದ ಎರಡು ಇಂಚು ಎತ್ತರ ಇದ್ದರೆ ನೀರು ಎರಡು ಪಕ್ಕಕ್ಕೆ ಇಳಿಯುತ್ತದೆ. ಇದಕ್ಕೆ ಬ್ಲೇಡಿನ ಬಲತುದಿ ಮುಂದೆ, ಎಡತುದಿ ಹಿಂದೆ ಇರುವಂತೆ ಓರೆ ಮಾಡಿ, ಬಲಗಡೆಯ ಲಿಫ್ಟ್ ರಾಡ್ ಇಳಿಸಿ. ಬಲಕೊಂಡಿ 5 ಸೆಂ.ಮೀ. ಇಳಿದರೆ ಬ್ಲೇಡಿನ ಎರಡು ತುದಿಗಳ ನಡುವೆ 11 ಸೆಂ.ಮೀ. ವ್ಯತ್ಯಾಸ ಬರುತ್ತದೆ, ದಾರಿಗೆ ಅದರ ಅರ್ಧವೂ ಬೇಡ. ಇನ್ನು ದಾರಿಯ ಅಂಚು ಸದಾ ನಿಮ್ಮ ಬಲಕ್ಕೆ ಇರುವಂತೆ ಹೋಗಿ, ತುದಿಯಲ್ಲಿ ತಿರುಗಿ ಇನ್ನೊಂದು ಅಂಚನ್ನು ಬಲಕ್ಕೆ ಹಿಡಿದು ಬನ್ನಿ. ಮಣ್ಣು ಯಾವಾಗಲೂ ಹಿಂದಿರುವ ತುದಿಯ ಕಡೆಗೆ ಜಾರುವುದರಿಂದ ಎರಡು ಸಲವೂ ಮಧ್ಯಕ್ಕೇ ಬಂದು ಬೀಳುತ್ತದೆ, ಮಧ್ಯೆ ಏನನ್ನೂ ಬದಲಿಸಬೇಕಿಲ್ಲ. ಕೊನೆಗೆ ಬ್ಲೇಡು ನೇರ ಮಾಡಿ, ನಡುವಿನ ದಿಂಡನ್ನು ಹರಡುವಷ್ಟು ಎತ್ತರದಲ್ಲಿ ಹಿಡಿದು ಒಂದು ಸಲ ಸವರಿ. ಗರಸು ಹಾಕುವುದು ಇದಾದ ಮೇಲೆ.

ಬಸಿಗಾಲುವೆಗೂ ಇದೇ ಜೋಡಣೆ, ಬಲತುದಿಯನ್ನು ಇನ್ನೂ ಇಳಿಸಬೇಕು ಅಷ್ಟೆ. ಒಂದು ಸಲಕ್ಕೆ 2 ಇಂಚಿನಂತೆ ನಾಲ್ಕು ಸಲ ಎಳೆದರೆ 8 ಇಂಚಿನ ಓರೆ ಕಾಲುವೆ ಸಿಗುತ್ತದೆ. ಅದಕ್ಕಿಂತ ಆಳ ಬೇಕಾದರೆ ಬ್ಲೇಡಿನ ಕೆಲಸವಲ್ಲ. ಇಳಿಜಾರಿನಲ್ಲಿ ಅಡ್ಡ ಹೋಗುವಾಗ ಬಲತುದಿ ಕಚ್ಚಿ ಗಾಡಿಯ ಹಿಂಭಾಗ ಎಳೆದಂತಾಗುತ್ತದೆ. ಕಾಲುವೆಯ ತುಟಿಗೆ ಟೈರು ಹತ್ತಿರ ಹೋಗದಂತೆ ಒಂದು ಅಡಿ ಜಾಗ ಬಿಡಿ.

ಅಡಿಕೆ ತೋಟದೊಳಗೆ

9 ಅಡಿಗೆ 9 ಅಡಿ ನೆಟ್ಟ ತೋಟದ ಸಾಲಿನಲ್ಲಿ ಐದಡಿ ಬ್ಲೇಡು ನೇರ ಹೋಗುವಾಗ ಎರಡು ಪಕ್ಕ ಎರಡಡಿಯ ಹತ್ತಿರ ಜಾಗ ಉಳಿಯುತ್ತದೆ. ಮರಕ್ಕೆ ಏಟು ಬೀಳುವುದು ತಿರುವಿನಲ್ಲಿ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಹಿಂದಿನ ಬ್ಲೇಡು ಬಲಕ್ಕೆ ಬೀಸುತ್ತದೆ, ಚಾಲಕ ನೋಡುತ್ತಿರುವುದು ಎಡಕ್ಕೆ. ಸಾಲು ಪೂರ್ತಿ ದಾಟಿ ಬ್ಲೇಡು ಹೊರಬಂದ ಮೇಲೆ, ಅದನ್ನು ಎತ್ತಿ, ಆಮೇಲೆ ತಿರುಗಿಸಿ. ಡ್ರಿಪ್ ಪೈಪು, ಸಬ್‌ಮೈನ್, ಬೋರಿನ ಕೇಬಲ್ ಎಲ್ಲಿವೆ ಎಂದು ಮೊದಲೇ ಕಡ್ಡಿ ನೆಟ್ಟು ಗುರುತು ಮಾಡಿ. ಅಡಿಕೆಯ ಬೇರು ಮೇಲ್ಪದರದಲ್ಲೇ ಹರಡಿರುವುದರಿಂದ ಸಾಲಿನ ನಡುವೆ ಕೆತ್ತುವುದು ಬೇಡ. ಹೊರಗಿನಿಂದ ತಂದ ಮಣ್ಣನ್ನು ಹರಡಲು, ದಿಂಡು ಒಡೆಯಲು ಮಾತ್ರ ಬಳಸಿ.

ಹಿಂದಕ್ಕೆ ನೂಕುವಾಗ

ಬ್ಲೇಡು ಹಿಂದುಮುಂದು ತಿರುಗಿಸಿ, ರಿವರ್ಸ್ ಗೇರಿನಲ್ಲಿ ಗುಂಡಿಗೆ ಮಣ್ಣು ನೂಕುವುದು ಬಹಳ ಅನುಕೂಲದ ಕೆಲಸ, ಚಕ್ರ ಗುಂಡಿಯ ಅಂಚಿಗೆ ಹೋಗುವ ಅಗತ್ಯವೇ ಇಲ್ಲ. ಆದರೆ ಮೂರು ಲಿಂಕುಗಳೂ ಎಳೆಯಲು ಮಾಡಿದವು. ಹಿಂದಕ್ಕೆ ನೂಕುವಾಗ ಬ್ಲೇಡು ಬಂಡೆಗೋ ಬುಡಕ್ಕೋ ಸಿಕ್ಕಿದರೆ ಮೊದಲು ಬಾಗುವುದು ಕೆಳಗಿನ ಲಿಂಕ್ ಅಥವಾ ಲಿಫ್ಟ್ ರಾಡ್, ಅದರ ಬೆಲೆ ಬ್ಲೇಡಿಗಿಂತ ನೋವು ಕೊಡುತ್ತದೆ. ಸಡಿಲ ಮಣ್ಣಿಗೆ ಮಾತ್ರ, ಅತಿ ಸಣ್ಣ ರಿವರ್ಸ್ ಗೇರಿನಲ್ಲಿ, ಬ್ಲೇಡು ನೇರ ಇಟ್ಟು ನೂಕಿ. ಓರೆ ಇಟ್ಟು ನೂಕಿದರೆ ಇಡೀ ಬಲ ಒಂದೇ ಲಿಂಕಿಗೆ ಬೀಳುತ್ತದೆ.

ಮುರಿಯುವ ಇನ್ನೊಂದು ಜಾಗ ಬ್ಲೇಡು ತಿರುಗುವ ನಡುಪಿನ್ ಮತ್ತು ಓರೆಯನ್ನು ಹಿಡಿದಿಡುವ ಲಾಕ್ ಪಿನ್. ಲಾಕ್ ಪಿನ್ನಿನ ತೂತು ದಿನಕಳೆದಂತೆ ಮೊಟ್ಟೆಯಾಕಾರಕ್ಕೆ ಹಿಗ್ಗಿ ಬ್ಲೇಡು ಗಡಗಡ ಅನ್ನಲು ಶುರುವಾಗುತ್ತದೆ. ತೂತಿರುವ ಪ್ಲೇಟು 12 ಮಿ.ಮೀ.ಗಿಂತ ತೆಳು ಇರುವ ಬ್ಲೇಡನ್ನು ಕೊಳ್ಳಬೇಡಿ. ಈಗಾಗಲೇ ಹಿಗ್ಗಿದ್ದರೆ ತೂತನ್ನು ದೊಡ್ಡದು ಮಾಡಿ ಬುಷ್ (ಉಕ್ಕಿನ ಬಳೆ) ಕೂರಿಸಿ, ದಪ್ಪ ಪಿನ್ ಹಾಕಬೇಡಿ. ಬೆಸುಗೆ ಬಿಡುವ ಮೊದಲು ಆ ಗೆರೆಯಲ್ಲಿ ಬಣ್ಣ ಕೂದಲಿನಂತೆ ಬಿರಿದು ಕೆಂಪು ತುಕ್ಕು ಇಣುಕುತ್ತದೆ. ಟಾಪ್ ಲಿಂಕ್ ಕೂರುವ ಎ-ಆಕಾರದ ಕಂಬದ ಬುಡದಲ್ಲಿ ಅದನ್ನು ಹುಡುಕಿ.

ಬದಿಗೆ ಬೋಲ್ಟಿನಲ್ಲಿ ಕೂರಿಸುವ ಪಕ್ಕದ ತಗಡುಗಳನ್ನು ಕೆಲವರು ಕೊಡುತ್ತಾರೆ. ಬ್ಲೇಡು ನೇರವಿದ್ದಾಗ ಸೋರಿಕೆ ನಿಂತು ಮಣ್ಣು ದೂರ ಸಾಗುತ್ತದೆ, ಓರೆ ಕೆಲಸಕ್ಕೆ ಬಿಚ್ಚಲೇಬೇಕು. ಬಿಚ್ಚಿ ಹಾಕುವುದು ನಾಲ್ಕು ಬೋಲ್ಟಿನ ಕೆಲಸವಾದರೆ ತೆಗೆದುಕೊಳ್ಳಿ.

ಯಾರಿಗೆ ಬೇಡ? ಮನೆ ಕಟ್ಟಲು ಗುಡ್ಡ ಕಡಿಯುವವರಿಗೆ, ಕೃಷಿ ಹೊಂಡ ತೆಗೆಯುವವರಿಗೆ, ಎಕರೆಗಟ್ಟಲೆ ಭತ್ತದ ಗದ್ದೆಯನ್ನು ಸಮ ಮಾಡುವವರಿಗೆ ಬೇಡ. ಕೊನೆಯದಕ್ಕೆ 50 ಎಚ್‌ಪಿ ಗಾಡಿಯ ಲೇಸರ್ ಲೆವೆಲರನ್ನು ಬಾಡಿಗೆಗೆ ತರಿಸಿ. ವರ್ಷಕ್ಕೆ ಒಂದೆರಡು ದಿನದ ಕೆಲಸ ಮಾತ್ರ ಇದ್ದವರು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲೋ ಪಕ್ಕದವರಲ್ಲೋ ಬ್ಲೇಡು ಬಾಡಿಗೆಗೆ ಸಿಗುತ್ತದೆಯೇ ಕೇಳಿ. ಎರಡೆಕರೆಗಿಂತ ಹೆಚ್ಚು ತೋಟ, ಅದರೊಳಗೆ ಸ್ವಂತ ದಾರಿ, ಪ್ರತಿ ಮಳೆಗಾಲ ಕಿತ್ತುಹೋಗುವ ಬದು ಇದ್ದವರು ಸ್ವಂತಕ್ಕೇ ಕೊಳ್ಳಿ. ಕಂಪನಿಯದೋ ವರ್ಕ್‌ಶಾಪಿನದೋ ಎಂದರೆ, ಬೋಲ್ಟಿನ ಅಲಗು ಮತ್ತು 8 ಮಿ.ಮೀ. ಪ್ಲೇಟು ಕೊಡುವವರದ್ದು.

ಹೊಸ ಬ್ಲೇಡಿನ ಅಲಗಿನ ಬೋಲ್ಟುಗಳು ಮೊದಲ ದಿನದ ಕೆಲಸದಲ್ಲೇ ಕೂತು ಸಡಿಲವಾಗುತ್ತವೆ. ಸಂಜೆ ಬ್ಲೇಡನ್ನು ನೆಲಕ್ಕಿಳಿಸಿ, ಎಂಜಿನ್ ಆರಿಸಿ, ಎಲ್ಲ ಬೋಲ್ಟನ್ನೂ ಮತ್ತೊಮ್ಮೆ ಬಿಗಿ ಮಾಡಿ. ಅಲಗು ಬೋಲ್ಟಿನ ತಲೆಯಿಂದ ಒಂದು ಸೆಂ.ಮೀ. ದೂರದವರೆಗೆ ಸವೆದಾಗ ತಿರುಗಿಸಿ ಹಾಕಿ. ಅದನ್ನು ದಾಟಿದರೆ ಮುಖದ ಪ್ಲೇಟಿನ ಕೆಳ ಅಂಚೇ ಸವೆಯಲು ಶುರುವಾಗುತ್ತದೆ, ಅದಕ್ಕೆ ಬದಲಿ ತುಂಡು ಸಿಗುವುದಿಲ್ಲ.